ಚಿತ್ತಾಪುರ ಸೀಮೆಯ ಲೇಖ್ಯರಕ್ಷಣೆ: ನಾಗಾವಿಯ ಭಂಡಾರಿಗರೂ ಸರ್ವರಿನ ಪಾಲಕರೂ

ಕಾಗಿಣಾ ನದಿಯು ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿದು, ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಸೇತುವೆಯ ಕೆಳಗೆ ಸಾಗಿ, ಶಹಾಬಾದಿನ ಸೀಮೆಯಲ್ಲಿ ಹೊನಗುಂಟದ ಬಳಿ ಭೀಮಾನದಿಯನ್ನು ಕೂಡುತ್ತದೆ. ಇದರ ಎರಡು ದಡಗಳಲ್ಲಿಯೂ ಎರೆಯ ಭೂಮಿ. ಮುಖ್ಯವಾದ ಬೆಳೆ ತೊಗರಿ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ದಂಡೋತಿಯ ಸೇತುವೆ ಮುಳುಗಿ ಚಿತ್ತಾಪುರಕ್ಕೂ ಕಲಬುರಗಿಗೂ ನಡುವಣ ಸಂಚಾರ ನಿಂತುಹೋಗುವುದುಂಟು. ಹೊಲದ ಲೆಕ್ಕವು ಮಾತ್ರ ಈಗ ಸೇತುವೆಯನ್ನು ಕಾಯುವುದಿಲ್ಲ. 2020ನೆಯ ಇಸವಿಯ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರದವರು ಬೆಳೆ ಸಮೀಕ್ಷೆಯ ಮೊಬೈಲ್ ಆಪನ್ನು ರೈತರ ಕೈಗೇ ಕೊಟ್ಟರು. ರೈತನು ತನ್ನ ಸರ್ವೆ ನಂಬರಿನ ಹೊಲದಲ್ಲಿ ನಿಂತು, ಬೆಳೆಯ ಹೆಸರನ್ನೂ ವಿಸ್ತೀರ್ಣವನ್ನೂ ನಮೂದಿಸಿ, ಛಾಯಾಚಿತ್ರವನ್ನು ತೆಗೆದು ಕಳುಹಿಸತಕ್ಕದ್ದು. ಆ ಬರಹವು ಪಹಣಿಗೂ, ಬೆಳೆವಿಮೆಗೂ, ಬೆಂಬಲಬೆಲೆಯ ಖರೀದಿಗೂ, ಅತಿವೃಷ್ಟಿಯ ಪರಿಹಾರಕ್ಕೂ ಆಧಾರವಾಗುತ್ತದೆ. ಆದಕಾರಣ ಒಂದು ಅಕ್ಷರ ತಪ್ಪಿದರೆ ಒಂದು ವರ್ಷದ ಅನ್ನವೇ ತಪ್ಪಬಹುದಾಗಿದೆ.

ರೈತನ ಕೈಯಲ್ಲಿರುವ ಆಪು ಈ ವ್ಯವಸ್ಥೆಯ ಮುಖಮಂಟಪ ಮಾತ್ರ. ಲೆಕ್ಕವು ನೆಲೆಗೊಳ್ಳುವ ಗರ್ಭಗೃಹವೆಂದರೆ ದೂರದ ಸರ್ವರು. ಮುಖಮಂಟಪಕ್ಕೆ ಯಾರಾದರೂ ಬರಬಹುದು. ಗರ್ಭಗೃಹಕ್ಕೆ ಪ್ರವೇಶವುಳ್ಳವರು ಕೆಲವರೇ. ಅವರು ಚಿತ್ರಗಳನ್ನು ಒತ್ತಿ ಕೆಲಸ ಮಾಡುವುದು ಕಡಮೆ. ಕಪ್ಪು ಪರದೆಯ ಮೇಲೆ ಒಂದೊಂದು ಸಾಲಿನ ಆಜ್ಞೆಯನ್ನು ಬರೆದು ಆಪಿನ ಹಿಂದಿನ ಕಾರ್ಯಕ್ರಮವನ್ನು ನಿಲ್ಲಿಸುವರು, ನಡೆಸುವರು, ಹೊಸದನ್ನು ಸ್ಥಾಪಿಸುವರು, ದತ್ತಾಂಶವನ್ನು ತಿದ್ದುವರು. ಇದಕ್ಕೆ ಕಮಾಂಡ್ ಲೈನ್ ಎಂದು ಹೆಸರು, ಆಜ್ಞಾಪಂಕ್ತಿ ಎನ್ನಬಹುದು. ಹೀಗೆ ತೆರೆಯ ಮರೆಯಲ್ಲಿ ಲೇಖ್ಯವನ್ನು ಕಾಯುವವರು ಯಾರು, ಅವರ ಅಧಿಕಾರವೆಂಥದು, ಅವರು ಬರೆದ ಬರಹದಲ್ಲಿ ಅವರ ಹೆಸರು ಉಳಿಯುತ್ತದೆಯೇ ಎಂಬ ಪ್ರಶ್ನೆಗಳು ಹೊಸವೆಂದು ತೋರಬಹುದು. ಆದರೆ ಕಾಗಿಣೆಯ ದಡದಲ್ಲಿ ಇವು ಸಾವಿರ ವರ್ಷಕ್ಕೂ ಹಿಂದಿನ ಪ್ರಶ್ನೆಗಳು.

ದೂರದಿಂದ ಆಜ್ಞೆಯನ್ನು ಕಳುಹಿಸಿ ಭೂಮಿಯನ್ನು ಆಳುವ ಕ್ರಮವು ಮಳಖೇಡಕ್ಕೆ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟಕ್ಕೆ, ಚೆನ್ನಾಗಿ ತಿಳಿದಿದ್ದಿತು. ಅಮೋಘವರ್ಷ ನೃಪತುಂಗನು ಶಕ ವರ್ಷ 793ರಲ್ಲಿ, ಎಂದರೆ ಕ್ರಿ. ಶ. 871ರಲ್ಲಿ, ಪಶ್ಚಿಮಸಮುದ್ರದ ಕಡೆಯ ಒಂದು ಗ್ರಾಮವನ್ನು ನಾಲ್ವರು ಬ್ರಾಹ್ಮಣರಿಗೆ ದತ್ತಿಯಾಗಿ ಕೊಟ್ಟ ತಾಮ್ರಶಾಸನವು ಸಂಜಾನದಲ್ಲಿ ದೊರೆತಿರುತ್ತದೆ. ಇಂಥ ಶಾಸನಗಳಲ್ಲಿ ರಾಜನ ಆಜ್ಞೆಯು ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ, ಆಯುಕ್ತ, ನಿಯುಕ್ತ, ಮಹತ್ತರ ಎಂದು ಮೇಲಿನಿಂದ ಕೆಳಕ್ಕೆ ಅಧಿಕಾರಿಗಳನ್ನು ಸಂಬೋಧಿಸುತ್ತದೆ. ಯಾರ ಯಾರ ಸಂಬಂಧವೆಷ್ಟೋ ಅಷ್ಟಷ್ಟು ಅವರಿಗೆ ತಿಳಿಯತಕ್ಕದ್ದೆಂಬ ಷರತ್ತನ್ನೂ ಸೇರಿಸುತ್ತದೆ. ಈ ಕೊನೆಯ ಮಾತು ಗಮನಾರ್ಹವಾದದ್ದು. ಆಜ್ಞೆ ಒಂದೇ, ಆದರೆ ಅದನ್ನು ಓದುವ, ನಡೆಸುವ ಅಧಿಕಾರವು ಪದವಿಗೆ ತಕ್ಕಂತೆ ಭಾಗವಾಗಿದ್ದಿತು.

ಸಂಜಾನದ ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರೂ ಉಂಟು: ಸೇನಭೋಗಿಕನಾದ ಗುಣಧವಳ. ಆಜ್ಞೆ ಚಕ್ರವರ್ತಿಯದು, ಕೈ ಗುಣಧವಳನದು. ಎರಡೂ ತಾಮ್ರದಲ್ಲಿ ನಿಂತುವು. ಸೇನಭೋಗಿಕನೆಂಬ ಪದವೇ ಕನ್ನಡ ಶಾಸನಗಳಲ್ಲಿ ಸೇನಬೋವನಾಗಿ, ಮುಂದೆ ಶಾನುಭೋಗನಾಗಿ ಹಳ್ಳಿಹಳ್ಳಿಗೂ ಬಂದಿತು. ಇಷ್ಟಲ್ಲದೆ, ತಾಮ್ರದ ಹಲಗೆಗಳನ್ನು ಬಳೆಗೆ ಕೋದು, ಬಳೆಯ ಸಂಧಿಯನ್ನು ಮುದ್ರೆಯಿಂದ ಬಂಧಿಸಿ, ಪ್ರತಿಗ್ರಹಿಯ ಕೈಗೇ ಕೊಡುತ್ತಿದ್ದರು. ರಾಜಧಾನಿಯ ಲೇಖಕನು ಮನಸ್ಸು ಬದಲಾಯಿಸಿದರೂ ಕೊಟ್ಟ ಶಾಸನವನ್ನು ಗುಟ್ಟಾಗಿ ತಿದ್ದುವುದು ಶಕ್ಯವಿರಲಿಲ್ಲ. ಅದು ನೂರಾರು ಮೈಲಿ ದೂರದಲ್ಲಿ ಫಲಾನುಭವಿಯ ಪೆಟ್ಟಿಗೆಯಲ್ಲಿರುತ್ತಿದ್ದಿತು. ಹಾಗೆಂದು ಮೋಸವಿರಲಿಲ್ಲವೆಂದಲ್ಲ. ಕೂಟಶಾಸನಗಳ ಸಂಖ್ಯೆ ಅಲ್ಪವಲ್ಲವೆಂಬುದನ್ನು ಫ್ಲೀಟರು 1901ರಲ್ಲಿಯೇ ಪಟ್ಟಿ ಮಾಡಿ ತೋರಿಸಿದ್ದಾರೆ. ಆ ಕೂಟಗಳು ಸಿಕ್ಕಿಬಿದ್ದುದಾದರೂ ಲಿಪಿ, ತಿಥಿ, ವಂಶಾವಳಿ, ಲೇಖಕನಾಮ ಮೊದಲಾದವುಗಳು ಒಂದಕ್ಕೊಂದು ಹೊಂದದೆ ಹೋದುದರಿಂದಲೇ.

ಮಾನ್ಯಖೇಟದಿಂದ ನಾಗಾವಿ ದೂರವಿಲ್ಲ. ಚಿತ್ತಾಪುರದ ಪಟ್ಟಣಕ್ಕೆ ಹತ್ತಿರದಲ್ಲಿಯೇ ಇರುವ ಈ ಊರಿನ ಶಾಸನಗಳನ್ನು ಹೈದರಾಬಾದಿನ ಪ್ರಾಚ್ಯವಸ್ತು ಇಲಾಖೆಯವರು 1928ರಲ್ಲಿ ಪ್ರಕಟಿಸಿದರು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ. ಶ. 1058ರ ಶಾಸನವೊಂದು ದಂಡನಾಯಕ ಮಧುಸೂದನನು ಇಲ್ಲಿ ನಡೆಸಿದ ಘಟಿಕಾಶಾಲೆಯನ್ನು ವರ್ಣಿಸುತ್ತದೆ. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಭಾಟ್ಟ, ಪ್ರಾಭಾಕರ, ನ್ಯಾಸಗಳೆಂಬ ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಶಾಸನವು ಎಣಿಸಿ, ಅವರಿಗೂ ಭೂಮಿಯ ವೃತ್ತಿಯನ್ನು ಹೇಳಿದೆ. ಪಾಠ ಹೇಳುವವರು ಆರು, ಪುಸ್ತಕ ಕಾಯುವವರೂ ಆರು! ತಾಳೆಯೋಲೆಗೆ ಹುಳು, ತೇವ, ಅಗ್ನಿ, ಅಜಾಗ್ರತೆ ಇವು ನಾಲ್ಕೂ ಶತ್ರುಗಳು. ಓಲೆ ಜೀರ್ಣವಾಗುವುದಕ್ಕೆ ಮುಂಚೆ ಪ್ರತಿಮಾಡಿಸಬೇಕು, ಪ್ರತಿಯನ್ನು ಮೂಲದೊಡನೆ ಹೋಲಿಸಬೇಕು, ಯಾವ ಕಟ್ಟು ಯಾರ ಕೈಯಲ್ಲಿದೆಯೆಂಬ ಲೆಕ್ಕವಿಡಬೇಕು. ಇಂಥ ಕೆಲಸವು ಕಣ್ಣಿಗೆ ಬೀಳುವುದಿಲ್ಲ. ಕೆಟ್ಟಾಗ ಮಾತ್ರ ಕಾಣುತ್ತದೆ. ಅದನ್ನು ಉಪಾಧ್ಯಾಯವೃತ್ತಿಯ ಪಕ್ಕದಲ್ಲಿಯೇ ಕಲ್ಲಿನಲ್ಲಿ ಕೊರೆಯಿಸಿದ ಮಧುಸೂದನನ ವಿವೇಕವು ಶ್ಲಾಘ್ಯವಾದದ್ದು.

ನಾಗಾವಿಯಲ್ಲಿ ಮೀಮಾಂಸೆಯ ಎರಡು ಮತಗಳೂ ಪಾಠವಾಗುತ್ತಿದ್ದುವೆಂಬುದು ಪ್ರಕೃತಕ್ಕೆ ಸಂಬಂಧವಿಲ್ಲದ ಮಾತಲ್ಲ. ಆಜ್ಞಾವಾಕ್ಯವು ಹೇಗೆ ಪ್ರವೃತ್ತಿಯನ್ನುಂಟುಮಾಡುತ್ತದೆಂಬ ವಿಚಾರವೇ ಮೀಮಾಂಸೆಯ ಪ್ರಾಣ. ಭಾಟ್ಟರು ಶಬ್ದದಲ್ಲಿಯೇ ಪ್ರೇರಕವಾದ ಭಾವನೆಯೊಂದನ್ನು ಒಪ್ಪುವರು. ಪ್ರಾಭಾಕರರು ನಿಯೋಗವನ್ನು ಹೇಳುವರು. ಹೀಗೆ ಭಿನ್ನಾಭಿಪ್ರಾಯವಿದ್ದರೂ, ವಿಧಿಗೆ ಅಧಿಕಾರಿಯೊಬ್ಬನು ಬೇಕೆಂಬಲ್ಲಿ ಇಬ್ಬರಿಗೂ ವಿವಾದವಿಲ್ಲ. ಅನಧಿಕಾರಿಯು ಮಾಡಿದ ಕರ್ಮವು ನಿಷ್ಫಲ. ಸರ್ವರಿನ ಯಂತ್ರವೂ ಆಜ್ಞೆಯನ್ನು ಕೇಳಿದೊಡನೆ ಮೊದಲು ನೋಡುವುದು ಅಧಿಕಾರವನ್ನೇ. ಪ್ರತಿಯೊಂದು ಕಡತಕ್ಕೂ ಒಡೆಯ, ಅವನ ಗುಂಪು, ಇತರರು ಎಂದು ಮೂರು ವರ್ಗ. ಪ್ರತಿವರ್ಗಕ್ಕೂ ಓದುವ, ಬರೆಯುವ, ನಡೆಸುವ ಅಧಿಕಾರಗಳು ಬೇರೆಬೇರೆ. ಅಧಿಕಾರವಿಲ್ಲದವನು ಎಷ್ಟು ಶುದ್ಧವಾಗಿ ಬರೆದರೂ ಯಂತ್ರವು ನಿರಾಕರಿಸುತ್ತದೆ. ಆದರೆ ವ್ಯತ್ಯಾಸವೂ ದೊಡ್ಡದು. ವೈದಿಕವಿಧಿಯಲ್ಲಿ ಕರ್ತೃವು ಚೇತನ. ಅರ್ಥವಾಗದಿದ್ದರೆ ನಿಂತು ವಿಚಾರಿಸುವನು. ಯಂತ್ರಕ್ಕೆ ತಾತ್ಪರ್ಯವೆಂಬುದಿಲ್ಲ. ಅಧಿಕಾರವೊಂದು ಸರಿಯಾಗಿದ್ದರೆ ಸರ್ವನಾಶದ ಆಜ್ಞೆಯನ್ನೂ ಅದು ಕ್ಷಣದಲ್ಲಿ ನೆರವೇರಿಸುತ್ತದೆ.

ಲೇಖ್ಯದಲ್ಲಿ ಏನೇನಿರಬೇಕೆಂಬುದನ್ನು ಈ ಪ್ರಾಂತವೇ ಭರತಖಂಡಕ್ಕೆಲ್ಲ ಕಲಿಸಿತೆಂದರೆ ಅತಿಶಯೋಕ್ತಿಯಾಗದು. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಮಿತಾಕ್ಷರೆಯನ್ನು ರಚಿಸಿದನು. ಶಹಾಬಾದಿನ ಸೀಮೆಯ ಮರತೂರೇ ಅವನ ಊರೆಂದು ಇಲ್ಲಿನವರು ನಂಬುತ್ತಾರೆ. ಯಾಜ್ಞವಲ್ಕ್ಯನು ಹೇಳಿದ ಲೇಖ್ಯಪ್ರಕರಣವನ್ನು ಆತನು ವ್ಯಾಖ್ಯಾನಿಸಿರುವ ಕ್ರಮದಂತೆ, ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳಿರಬೇಕು. ಉಭಯರ ಹೆಸರುಗಳೂ ತಂದೆಯರ ಹೆಸರುಗಳೂ ಇರಬೇಕು. ಋಣಿಯು ಸ್ವಹಸ್ತದಿಂದ ಒಪ್ಪಬೇಕು. ಸಾಕ್ಷಿಗಳು ತಮ್ಮ ಹೆಸರನ್ನು ಬರೆಯಬೇಕು. ಎಲ್ಲಕ್ಕೂ ಕೊನೆಗೆ ಲೇಖಕನು, ಇಂಥವನ ಮಗನಾದ ಇಂಥವನು ಉಭಯರ ಪ್ರಾರ್ಥನೆಯಿಂದ ಇದನ್ನು ಬರೆದೆನೆಂದು ನಮೂದಿಸಬೇಕು. ಪತ್ರವು ದೇಶಾಂತರದಲ್ಲಿದ್ದರೆ, ಅಕ್ಷರ ಅಳಿಸಿಹೋದರೆ, ಕಳುವಾದರೆ, ಹರಿದರೆ, ಸುಟ್ಟರೆ, ಬೇರೊಂದನ್ನು ಮಾಡಿಸತಕ್ಕದ್ದೆಂಬ ವಿಧಿಯೂ ಅಲ್ಲಿಯೇ ಇದೆ. ಪತ್ರದ ವಿಷಯದಲ್ಲಿ ಸಂದೇಹ ಬಂದರೆ ಅದೇ ವ್ಯಕ್ತಿಯ ಬೇರೆ ಸ್ವಹಸ್ತಾಕ್ಷರಗಳೊಡನೆ ಹೋಲಿಸಿ ನಿರ್ಣಯಿಸಬೇಕು. ಕಾಲ, ಕರ್ತೃ, ಸಾಕ್ಷಿ, ಪ್ರತಿ, ಹೋಲಿಕೆ ಎಂಬ ಈ ಐದರಲ್ಲಿ ಲೇಖ್ಯರಕ್ಷಣೆಯ ಸಾರವೆಲ್ಲವೂ ಅಡಕವಾಗಿದೆ.

ನಡುವಣ ಶತಮಾನಗಳನ್ನು ಇಲ್ಲಿ ವಿಸ್ತರಿಸಬೇಕಾದ ಅಗತ್ಯವಿಲ್ಲ. ಬಹಮನಿ ಸುಲ್ತಾನರಿಂದ ಮೊದಲ್ಗೊಂಡು ನಿಜಾಮರ ಆಳಿಕೆಯವರೆಗೆ ಅರಸರೂ ಲಿಪಿಗಳೂ ಬದಲಾದುವು. ಊರಿನ ದಫ್ತರ ಮಾತ್ರ ಕುಲಕರ್ಣಿಯ ಮನೆಯ ಜಂತಿಯಲ್ಲಿಯೇ ಉಳಿಯಿತು. ಮೋಡಿ ಮತ್ತು ಉರ್ದು ಲಿಪಿಗಳಲ್ಲಿ ಬರೆದ ಆ ಕಟ್ಟುಗಳನ್ನು ಓದಬಲ್ಲವರು ಊರಿಗೊಬ್ಬರಿಬ್ಬರು. ಬರೆದವನು ಯಾರೆಂಬುದು ಎಲ್ಲರಿಗೂ ಗೊತ್ತಿದ್ದಿತು. ಆದರೆ ಏನು ಬರೆದನೆಂಬುದು ಗೊತ್ತಿರಲಿಲ್ಲ. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗ್ರಾಮಾಧಿಕಾರಗಳ ವಂಶಪಾರಂಪರ್ಯವನ್ನು ತೆಗೆದುಹಾಕಿದ 1961ರ ಶಾಸನವು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದಿತು. ಕುಲಕರ್ಣಿಯ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಾಧಿಕಾರಿ ಬಂದನು. ಕಟ್ಟುಗಳು ಅವನ ಕೈಗೆ ಹೋದುವು. ರೈತನು ಪಹಣಿಗಾಗಿ ಅವನ ಮನೆಯ ಬಾಗಿಲಿಗೆ ಅಲೆಯುವುದು ತಪ್ಪಲಿಲ್ಲ.

ಆ ಬಾಗಿಲನ್ನು ಮುರಿದದ್ದು ಭೂಮಿ ಎಂಬ ಯೋಜನೆ. 2000ದ ಸುಮಾರಿನಲ್ಲಿ ಆರಂಭವಾದ ಈ ಕಾರ್ಯದಲ್ಲಿ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಲಾಯಿತು. ತಾಲ್ಲೂಕಿನ ಕೇಂದ್ರದಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ದೊರೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಈ ಯೋಜನೆಯಲ್ಲಿ ಒಂದು ವಿಶೇಷವು ಹಳೆಯ ಸ್ಮೃತಿಕಾರರಿಗೆ ಮೆಚ್ಚಿಗೆಯಾಗತಕ್ಕದ್ದು: ದತ್ತಾಂಶವನ್ನು ತಿದ್ದುವ ಅಧಿಕಾರಿಯು ತನ್ನ ಬೆರಳಚ್ಚನ್ನು ಒತ್ತಿಯೇ ಒಳಗೆ ಪ್ರವೇಶಿಸಬೇಕು. ಯಾಜ್ಞವಲ್ಕ್ಯನ ಸ್ವಹಸ್ತವು ಇಲ್ಲಿ ಅಕ್ಷರಶಃ ಹಸ್ತವೇ ಆಯಿತು. ಹಕ್ಕಿನ ಪ್ರತಿಯೊಂದು ಬದಲಾವಣೆಗೂ ಮ್ಯುಟೇಶನ್ ಸಂಖ್ಯೆ ಬಿದ್ದು, ಯಾವ ವ್ಯವಹಾರದಿಂದ ಯಾವ ಹೆಸರು ಬಂದಿತೆಂಬ ಪರಂಪರೆ ಉಳಿಯುತ್ತದೆ. ಮುಂದೆ ಮೊಬೈಲ್ ಬಂದಿತು. 2014ರ ಡಿಸೆಂಬರ್ 8ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಬೆಂಗಳೂರಿನಲ್ಲಿ ಕರ್ನಾಟಕ ಮೊಬೈಲ್ ಒನ್ ಎಂಬ ವೇದಿಕೆಯನ್ನು ಉದ್ಘಾಟಿಸಿದರು; ಸರ್ವೆ ನಂಬರನ್ನು ನಕ್ಷೆಯ ಮೇಲೆ ತೋರಿಸುವ ದಿಶಾಂಕ್, ಸಮೀಕ್ಷೆಯ ಬರಹವನ್ನು ನೋಡಿ ಆಕ್ಷೇಪಣೆ ಸಲ್ಲಿಸಲು ಬೆಳೆದರ್ಶಕ ಮೊದಲಾದ ಆಪುಗಳು ಅನಂತರದವು. ಕುಲಕರ್ಣಿಯ ಜಂತಿಯಲ್ಲಿದ್ದುದು ರೈತನ ಅಂಗೈಗೆ ಬಂದಿತು. ಇದು ಅಲ್ಪವಾದ ಲಾಭವಲ್ಲ.

ಆದರೆ ಆಪಿನ ಮಹಾದ್ವಾರದ ಮೂಲಕ ಆಗುವ ತಿದ್ದುಪಡಿ ಒಂದು, ಸರ್ವರಿನ ಹಿಂಬಾಗಿಲಿನ ಆಜ್ಞಾಪಂಕ್ತಿಯಿಂದ ಆಗಬಹುದಾದ ತಿದ್ದುಪಡಿ ಮತ್ತೊಂದು. ಎರಡನೆಯದನ್ನು ಅರಿಯಬೇಕಾದರೆ ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬವರು 1969ರಲ್ಲಿ ಯುನಿಕ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಆಗ ಆಜ್ಞೆಯನ್ನು ಬರೆಯುತ್ತಿದ್ದುದು ಟೆಲಿಟೈಪ್ ಎಂಬ ನಿಧಾನವಾದ ಮುದ್ರಣಯಂತ್ರದಲ್ಲಿ. ಒಂದೊಂದು ಅಕ್ಷರಕ್ಕೂ ಶ್ರಮವಿದ್ದುದರಿಂದ ಆಜ್ಞೆಗಳ ಹೆಸರು ಎರಡೆರಡು ಅಕ್ಷರಕ್ಕೆ ಇಳಿದುವು. ಅರ್ಧಮಾತ್ರೆಯ ಲಾಘವವನ್ನೂ ಪುತ್ರೋತ್ಸವವೆಂದು ಎಣಿಸುವ ವೈಯಾಕರಣರಿಗೆ ಇದು ಅಪರಿಚಿತವೆನಿಸದು! 1973ರಲ್ಲಿ ಒಂದು ಆಜ್ಞೆಯ ಫಲವನ್ನು ಮುಂದಿನ ಆಜ್ಞೆಗೆ ಹರಿಸುವ ಪೈಪ್ ಎಂಬ ಸಾಧನವು ಸೇರಿತು. ಪಾಣಿನಿಯ ಅನುವೃತ್ತಿಯನ್ನು ಇದಕ್ಕೆ ಹೋಲಿಸುವ ಆಸೆ ಹುಟ್ಟುತ್ತದೆಯಾದರೂ, ಅಲ್ಲಿ ಪದವು ಇಳಿದುಬರುತ್ತದೆ, ಇಲ್ಲಿ ಫಲವು ಹರಿಯುತ್ತದೆ. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. 1991ರಲ್ಲಿ ಯುನಿಕ್ಸಿನ ಮಾದರಿಯಲ್ಲಿ ಲಿನಕ್ಸ್ ಹುಟ್ಟಿತು. ಇಂದು ಸರ್ವರುಗಳಲ್ಲಿ ಬಹುಭಾಗವು ಲಿನಕ್ಸಿನ ಮೇಲೆ ನಡೆಯುತ್ತದೆ. 2008ರಿಂದ ಬಳಕೆಗೆ ಬಂದ ಆಂಡ್ರಾಯ್ಡ್ ಮೊಬೈಲಿನ ಅಡಿಪಾಯವೂ ಅದೇ.

ಈ ಯಂತ್ರಗಳಲ್ಲಿ ರೂಟ್ ಎಂಬ ಒಬ್ಬ ಸರ್ವಾಧಿಕಾರಿ ಉಂಟು. ಅವನಿಗೆ ಯಾವ ನಿಷೇಧವೂ ಇಲ್ಲ. ಆದರೆ ರೂಟ್ ಎಂಬುದು ಪದವಿಯ ಹೆಸರು, ಮನುಷ್ಯನ ಹೆಸರಲ್ಲ. ಹತ್ತು ಮಂದಿಗೆ ಒಂದೇ ಗುಪ್ತಪದ ಗೊತ್ತಿದ್ದು ಹತ್ತು ಮಂದಿಯೂ ರೂಟ್ ಆಗಿ ಪ್ರವೇಶಿಸಿದರೆ, ಯಂತ್ರದ ದಿನಚರಿಯಾದ ಲಾಗಿನಲ್ಲಿ ಉಳಿಯುವುದು ರೂಟ್ ಎಂಬ ಹೆಸರೊಂದೇ; ಗುಣಧವಳನು ಯಾರೆಂಬುದು ತಿಳಿಯುವುದಿಲ್ಲ. ಈ ಕೊರತೆಗೆ ಪರಿಹಾರವಾಗಿ 1980ರ ಸುಮಾರಿನಲ್ಲಿ ನ್ಯೂಯಾರ್ಕ್ ಪ್ರಾಂತದ ಬಫಲೋ ವಿಶ್ವವಿದ್ಯಾಲಯದಲ್ಲಿ ಸುಡೊ ಎಂಬ ಆಜ್ಞೆಯನ್ನು ರಚಿಸಿದರು. ಪ್ರತಿಯೊಬ್ಬನೂ ತನ್ನ ಹೆಸರಿನಿಂದಲೇ ಪ್ರವೇಶಿಸಿ, ಬೇಕಾದ ಒಂದು ಕಾರ್ಯಕ್ಕೆ ಮಾತ್ರ ಸರ್ವಾಧಿಕಾರವನ್ನು ಎರವಲು ಪಡೆಯುವನು. ಯಾರು, ಯಾವಾಗ, ಯಾವ ಆಜ್ಞೆಯನ್ನು ಕೊಟ್ಟನೆಂಬುದು ದಿನಚರಿಯಲ್ಲಿ ಬೀಳುತ್ತದೆ. ದೂರದಿಂದ ಸರ್ವರನ್ನು ಪ್ರವೇಶಿಸುವ ಮಾರ್ಗದಲ್ಲಿ ಮೊದಲು ಗುಪ್ತಪದವು ಬಯಲಾಗಿಯೇ ಹರಿಯುತ್ತಿದ್ದಿತು. ಅದನ್ನು ಕದಿಯುವವರ ಉಪದ್ರವವನ್ನು ಕಂಡು ಫಿನ್ಲೆಂಡಿನ ತಾತು ಯಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ಮುದ್ರಿತಮಾರ್ಗವನ್ನು ಮಾಡಿದನು. ಅದರಲ್ಲಿ ಪಾಲಕನೊಬ್ಬೊಬ್ಬನಿಗೂ ಬೇರೆಬೇರೆ ಕೀಲಿಕೈಯನ್ನು ಕೊಡಬಹುದು. ತಾಮ್ರಶಾಸನದ ಬಳೆಯ ಮುದ್ರೆಗೆ ಇದು ಸಮಾನವಾದದ್ದು.

ಅಧಿಕಾರವುಳ್ಳ ಸಜ್ಜನನ ಕೈಯೂ ತಪ್ಪುವುದುಂಟೆಂಬುದಕ್ಕೆ 2017ರ ಜನವರಿ 31ರ ಒಂದು ಘಟನೆ ಪ್ರಸಿದ್ಧವಾಗಿದೆ. ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಪಾಲಕನೊಬ್ಬನು ರಾತ್ರಿ ದಣಿದು ಕೆಲಸ ಮಾಡುತ್ತ, ಪ್ರತಿಯಿದ್ದ ಯಂತ್ರವೆಂದು ಭಾವಿಸಿ ಮೂಲವಿದ್ದ ಯಂತ್ರದಲ್ಲಿ ಅಳಿಸುವ ಆಜ್ಞೆಯನ್ನು ಕೊಟ್ಟನು. ಕೆಲವು ಕ್ಷಣಗಳಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶವು ಹೋಯಿತು. ನೋಡಲಾಗಿ ಪ್ರತಿಗಳನ್ನು ಇಡುವ ಹಲವು ಏರ್ಪಾಡುಗಳು ಹೆಸರಿಗೆ ಮಾತ್ರ ಇದ್ದುವು. ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡಿದವರಿರಲಿಲ್ಲ. ಅದೇ ಪಾಲಕನು ಆರು ಗಂಟೆಗಳ ಹಿಂದೆ ಬೇರೊಂದು ಕಾರ್ಯಕ್ಕಾಗಿ ತೆಗೆದಿಟ್ಟಿದ್ದ ಪ್ರತಿಯೊಂದೇ ಕೊನೆಗೆ ರಕ್ಷಿಸಿತು. ಸಂಸ್ಥೆಯವರು ನಡೆದುದನ್ನೆಲ್ಲ ಗಂಟೆ ನಿಮಿಷಗಳೊಡನೆ ಪ್ರಕಟಿಸಿದರು. ಆತನ ಹೆಸರನ್ನು ಮಾತ್ರ ಲೋಕಕ್ಕೆ ಹೇಳದೆ ಒಂದನೆಯ ಸದಸ್ಯನೆಂದಷ್ಟೇ ಬರೆದರು. ಕರ್ತೃವಿನ ಹೆಸರು ದಿನಚರಿಯಲ್ಲಿ ಇರಬೇಕೆಂಬುದು ದಂಡಿಸುವುದಕ್ಕಾಗಿಯೇ ಎಂದು ತಿಳಿಯುವವರು ಇದನ್ನು ಲಕ್ಷಿಸಬೇಕು. ಹೆಸರಿದ್ದುದರಿಂದಲೇ ಏನಾಯಿತೆಂಬುದು ತಿಳಿದು ಪರಿಹಾರ ಸಾಧ್ಯವಾಯಿತು.

ದುರುದ್ದೇಶದ ಪ್ರಕರಣಗಳು ಬೇರೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದ ಟೆಂಡರುದಾರರ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಅಪಹೃತವಾದುದು ಸರ್ವವಿದಿತವಾಗಿದೆ. ಕಳ್ಳನಾದವನು ದಿನಚರಿಯನ್ನೂ ಅಳಿಸುವುದು ಸಹಜ. ಆದುದರಿಂದಲೇ ಎಚ್ಚರವುಳ್ಳ ಪಾಲಕರು ದಿನಚರಿಯು ಹುಟ್ಟಿದ ಯಂತ್ರದಲ್ಲಿಯೇ ಉಳಿಯದಂತೆ, ಸಾಲುಸಾಲಾಗಿ ಮತ್ತೊಂದು ಯಂತ್ರಕ್ಕೆ ಹೋಗುವಂತೆ ಏರ್ಪಡಿಸುತ್ತಾರೆ. ಶಾಸನವು ಬರೆದವನ ಕೈಯಲ್ಲಿ ಇರಬಾರದೆಂಬ ಹಳೆಯ ವಿವೇಕವೇ ಇದು.

ಇನ್ನು ವಿಚಾರಣೀಯವಾದ ಅಂಶವೊಂದು ಉಳಿದಿದೆ. ಆಪಿನ ಮೂಲಕ, ಕ್ರಮವಾದ ಅರ್ಜಿಯ ಮೂಲಕ ಆದ ಬದಲಾವಣೆಗೆ ಮ್ಯುಟೇಶನ್ ಸಂಖ್ಯೆಯೂ ಬೆರಳಚ್ಚೂ ಸಾಕ್ಷಿ. ದತ್ತಾಂಶದ ಭಂಡಾರದಲ್ಲಿ ನೇರವಾಗಿ ಆಜ್ಞಾಪಂಕ್ತಿಯಿಂದ ಆದ ಬದಲಾವಣೆಗೆ, ಅದು ದೋಷನಿವಾರಣೆಗಾಗಿ ಸದ್ಭಾವದಿಂದ ಆದುದೇ ಆಗಿರಲಿ, ದಿನಚರಿಯೊಂದೇ ಸಾಕ್ಷಿ. ಆ ಸಾಕ್ಷಿಯ ಆಯುಸ್ಸೆಷ್ಟು? ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯವರು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶಗಳ ಪ್ರಕಾರ, ಸರ್ಕಾರಿ ಸಂಸ್ಥೆಗಳೂ ದತ್ತಾಂಶಕೇಂದ್ರಗಳೂ ತಮ್ಮ ವ್ಯವಸ್ಥೆಗಳ ಲಾಗುಗಳನ್ನು 180 ದಿನಗಳ ಕಾಲ ದೇಶದೊಳಗೆ ಭದ್ರವಾಗಿ ಇಟ್ಟಿರಬೇಕು. ಅದಕ್ಕೂ ಹೆಚ್ಚು ಕಾಲ ಇಡಬಾರದೆಂದಿಲ್ಲ, ಇಡಲೇಬೇಕೆಂದೂ ಇಲ್ಲ. ಜಾಲದ ಕಳ್ಳತನವನ್ನು ಹಿಡಿಯುವುದಕ್ಕೆ ಇಷ್ಟು ಸಾಕಾಗಬಹುದು. ಭೂಮಿಯ ವ್ಯಾಜ್ಯಕ್ಕೆ ಸಾಲದು. ಯಾಜ್ಞವಲ್ಕ್ಯನು, ಒಡೆಯನು ನೋಡುತ್ತ ಸುಮ್ಮನಿದ್ದಾಗ ಪರರು ಅನುಭವಿಸಿದ ಭೂಮಿಗೆ 20 ವರ್ಷಗಳ ಅವಧಿಯನ್ನು ಹೇಳಿದನು; ವಿಜ್ಞಾನೇಶ್ವರನು ಅದನ್ನೂ ಮೃದುಗೊಳಿಸಿ, ಆಗ ಹೋಗುವುದು ಫಲವೇ ಹೊರತು ಸ್ವತ್ವವಲ್ಲವೆಂದು ವ್ಯಾಖ್ಯಾನಿಸಿದನು. ಈಗಿನ 1963ರ ಕಾಲಪರಿಮಿತಿ ಶಾಸನವು ಸ್ವತ್ವದ ಆಧಾರದಿಂದ ಸ್ಥಿರಾಸ್ತಿಯ ಸ್ವಾಧೀನವನ್ನು ಕೇಳುವವನಿಗೆ 12 ವರ್ಷಗಳನ್ನು ಕೊಡುತ್ತದೆ. ದಂಡೋತಿಯ ರೈತನು ತನ್ನ ಪಹಣಿಯನ್ನು ದಿನದಿನವೂ ತೆಗೆದು ನೋಡುವವನಲ್ಲ. ಸಾಲಕ್ಕೋ, ಪಾಲಿಗೋ, ಮಗಳ ಮದುವೆಗೋ ಬೇಕಾದಾಗ ನೋಡುವನು. ಆಗ ಅಕ್ಷರವೊಂದು ಬದಲಾಗಿರುವುದನ್ನು ಕಂಡು ನ್ಯಾಯಾಲಯಕ್ಕೆ ಹೋದರೆ, ಅವನ ಹಕ್ಕಿಗೆ 12 ವರ್ಷ ಆಯುಸ್ಸು, ಅವನ ಸಾಕ್ಷಿಗೆ 180 ದಿನ ಎಂದಾಗಬಹುದು. ಭೂದಾಖಲೆಗಳಿಗೆ ಸಂಬಂಧಪಟ್ಟ ಸರ್ವರುಗಳ ದಿನಚರಿಯನ್ನಾದರೂ ಕಾಲಪರಿಮಿತಿಯ ಅವಧಿಗೆ ಕಡಮೆಯಿಲ್ಲದಂತೆ, ಪಾಲಕನ ಸ್ವನಾಮದೊಡನೆ, ಬೇರೊಂದು ಇಲಾಖೆಯ ವಶದಲ್ಲಿ ಇಡಿಸುವುದು ಯುಕ್ತವೆಂದು ತೋರುತ್ತದೆ. ದಿನಚರಿಯೆಂಬುದು ಬರಿಯ ಅಕ್ಷರವಾದುದರಿಂದ ಇದಕ್ಕೆ ತಗಲುವ ಸ್ಥಳವೂ ವೆಚ್ಚವೂ ಛಾಯಾಚಿತ್ರಗಳನ್ನು ಇಡುವುದರ ಮುಂದೆ ಅತ್ಯಲ್ಪ.

2024ರಲ್ಲಿ ಕಂದಾಯ ಇಲಾಖೆಯವರು ಭೂಸುರಕ್ಷಾ ಎಂಬ ಹೆಸರಿನಿಂದ ತಾಲ್ಲೂಕು ಕಚೇರಿಗಳ ಹಳೆಯ ಕಟ್ಟುಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸವನ್ನು ಆರಂಭಿಸಿದರು. ಈ ಭಾಗದ ಹಳೆಯ ಹಾಳೆಗಳಲ್ಲಿ ಮೋಡಿಯಲ್ಲೋ ಉರ್ದುವಿನಲ್ಲೋ ಬರೆದ ಕೈಯ ಗುರುತು ಕೊನೆಯ ಸಾಲಿನಲ್ಲಿ ಇರುತ್ತದೆ. ಆ ಹಾಳೆಯನ್ನು ಯಂತ್ರಕ್ಕೆ ಏರಿಸಿದ ಕೈಯ ಗುರುತು ಎಲ್ಲಿ ಇರಬೇಕು, ಎಷ್ಟು ಕಾಲ ಇರಬೇಕು ಎಂಬುದನ್ನು ಕಟ್ಟುಗಳು ಪೂರ್ತಿಯಾಗಿ ಸರ್ವರಿಗೆ ಸೇರುವುದಕ್ಕೆ ಮುಂಚೆಯೇ ನಿರ್ಣಯಿಸಬೇಕಾಗಿದೆ.